ನಿನಗೆಷ್ಟು ಬಂತು?





ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುವ ಮಗಳು ನಿಮ್ಮ ಮನೆಯಲ್ಲಿದ್ದರೆ, ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ ಮುಗಿದ ಸಂಜೆ ಹೇಗಿರುತ್ತದೆಂದು ನಾನು ಹೇಳಬೇಕಾಗಿಲ್ಲ. ಚಪ್ಪಲಿ ಬಿಡುವ ಮೊದಲೇ ಫೋನು ಕೈಗೆ ಬಂದಿರುತ್ತದೆ. "ನಿನಗೆಷ್ಟು ಬಂತು? ಸಾಲ್ಟ್ ಯಾವುದು ಕೊಟ್ಟಿದ್ರು?" ಅಲ್ಲಿಂದ ಶುರು. ನಮ್ಮ ಮನೆಮಾತು ದಖನಿ. ಆದರೆ ಈ ವಿಷಯ ಬಂದರೆ ಹುಡುಗಿಯರ ಮಾತು ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಮದ್ರಸಾದಲ್ಲಿ ಕಲಿತು, ಆಮೇಲೆ ಬಿ.ಎ. ಮಾಡಿಕೊಂಡ ನನ್ನಂಥವಳಿಗೆ ಅದರಲ್ಲಿ ಅರ್ಥವಾಗುವುದು ನಡುನಡುವೆ ಬರುವ "ಯಾ ಅಲ್ಲಾಹ್" ಮಾತ್ರ.

ನಮ್ಮ ಕುಟುಂಬದಲ್ಲಿ ಆ ವರ್ಷ ನಾಲ್ಕು ಹುಡುಗಿಯರು ಒಟ್ಟಿಗೆ ಪರೀಕ್ಷೆಗೆ ಕುಳಿತಿದ್ದರು. ನನ್ನ ಮಗಳು ಇಲ್ಲಿ ಬಸವನ ಬಾಗೇವಾಡಿಯಲ್ಲಿ. ನನ್ನ ಅಕ್ಕನ ಮಗಳು ಇಂಡಿಯಲ್ಲಿ, ನಾದಿನಿಯ ಮಗಳು ಸಿಂದಗಿಯಲ್ಲಿ, ತಂಗಿಯ ಮಗಳು ಮುದ್ದೇಬಿಹಾಳದಲ್ಲಿ. ನಾಲ್ವರದೂ ಒಂದೇ ಫೋನ್ ಕರೆ, ಅದೂ ಸ್ಪೀಕರ್ ಹಾಕಿ. ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ ಕೇಳಿಸಿಕೊಳ್ಳುತ್ತಿದ್ದೆ.

ಇಂಡಿಯವಳು ಒಂಬತ್ತು ಪಾಯಿಂಟ್ ಎಂಟು ಅಂದಳು. ನಿಂಬೆಹಣ್ಣಿನ ಊರಿನವಳು, ಆಮ್ಲಕ್ಕೆ ಹೆದರುವವಳಲ್ಲ. ಸಿಂದಗಿಯವಳದು ಹತ್ತು ಪಾಯಿಂಟ್ ಒಂದು. ನನ್ನ ಮಗಳು, "ನಂದೂ ಒಂಬತ್ತು ಎಂಟು" ಎಂದಳು, ಸ್ವಲ್ಪ ತಡೆದು. ಮುದ್ದೇಬಿಹಾಳದವಳು, "ಎಂಟು ಪಾಯಿಂಟ್ ಆರು" ಎಂದು ಹೇಳಿ ಸುಮ್ಮನಾದಳು. ಮತ್ತೆ ಮೂವರು ಮಾತಾಡಿದರು, ಅವಳು ಮಾತಾಡಲಿಲ್ಲ.

ರಾತ್ರಿ ತಂಗಿಯ ಫೋನು. "ಆಪಾ, ಹುಡುಗಿ ಊಟ ಮಾಡವಲ್ಲಳು. ಎಲ್ಲಾರದೂ ಒಂದು, ನಂದು ಒಂದು, ಪ್ರಾಕ್ಟಿಕಲ್ ಹೋಯಿತು ಅಂತ ಅಳಾಕತ್ತಾಳ."

ಸಹೋದರಿಯರೇ, ಆ ಅಳುವಿನ ಹಿಂದೆ ಏನಿತ್ತೆಂದು ನನಗೆ ಗೊತ್ತಿತ್ತು. ಆ ಮನೆಯಲ್ಲಿ ವಿಜ್ಞಾನ ತೆಗೆದುಕೊಂಡ ಮೊದಲ ಹೆಣ್ಣುಮಗಳು ಅವಳು. "ಒಂದು ಸಲ ನೋಡ್ತೀನಿ, ಮಾರ್ಕ್ಸ್ ಬರಲಿಲ್ಲಾಂದ್ರ ಮನಿಯಾಗ ಕೂಡಬೇಕು" ಎಂಬ ಒಪ್ಪಂದದ ಮೇಲೆ ಅವಳ ತಂದೆ ಫೀ ಕಟ್ಟಿದ್ದರು. ಪಿಯು ರಸಾಯನಶಾಸ್ತ್ರದ 100 ಅಂಕಗಳಲ್ಲಿ 70 ಬರವಣಿಗೆಗೆ, 30 ಪ್ರಯೋಗಕ್ಕೆ. ಆ ಮೂವತ್ತು ನಮ್ಮ ಮಕ್ಕಳಿಗೆ ಕೈಯಲ್ಲಿರುವ ಗಂಟು. ಅದೇ ಹೋಯಿತು ಎಂದುಕೊಂಡರೆ ಊಟ ಹೇಗೆ ಸೇರೀತು?

ಫೋನು ಇಟ್ಟು ಮಗಳನ್ನು ಕೂರಿಸಿಕೊಂಡೆ. "ಈ ಎಂಟು, ಒಂಬತ್ತು ಅಂದರೇನು, ನನಗೂ ಹೇಳು."

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಬ್ಯೂರೆಟ್ ಎಂಬ ಉದ್ದನೆಯ ಗಾಜಿನ ಕೊಳವೆಯಲ್ಲಿ ಪೊಟ್ಯಾಸಿಯಮ್ ಪರ್ಮಾಂಗನೇಟ್. ನಮ್ಮ ಕಡೆ ಬಾವಿಗೆ ಹಾಕುತ್ತಿದ್ದರಲ್ಲ, ಆ ನೇರಳೆ ಬಣ್ಣದ ಪುಡಿಯೇ. ಕೆಳಗೆ ಫ್ಲಾಸ್ಕಿನಲ್ಲಿ ಮೊಹರ್ಸ್ ಸಾಲ್ಟ್ ಅಥವಾ ಆಕ್ಸಾಲಿಕ್ ಆಮ್ಲದ ದ್ರಾವಣ, ಅದಕ್ಕೆ ಸ್ವಲ್ಪ ಸಾರರಿಕ್ತ ಗಂಧಕಾಮ್ಲ. ಮೇಲಿನಿಂದ ಹನಿಹನಿಯಾಗಿ ಬಿಡುತ್ತಾ ಹೋದರೆ ಬಿದ್ದ ನೇರಳೆ ಬಣ್ಣ ಮಾಯವಾಗುತ್ತಲೇ ಇರುತ್ತದೆ. ಒಂದು ಹನಿಗೆ ಮಾತ್ರ ಮಾಯವಾಗದೆ ತಿಳಿ ಗುಲಾಬಿ ನಿಲ್ಲುತ್ತದೆ. ಅಲ್ಲಿಗೆ ನಲ್ಲಿ ಮುಚ್ಚಬೇಕು. ಎಷ್ಟು ಮಿಲಿಲೀಟರ್ ಇಳಿಯಿತು ಎಂಬುದೇ ರೀಡಿಂಗ್.

ಇಲ್ಲಿ ತಪ್ಪಲು ಎಷ್ಟು ದಾರಿಗಳಿವೆ ಕೇಳಿ! ಆಕ್ಸಾಲಿಕ್ ಆಮ್ಲವನ್ನು 60–70 ಡಿಗ್ರಿಗೆ ಬಿಸಿ ಮಾಡದಿದ್ದರೆ ಕ್ರಿಯೆ ನಿಧಾನವಾಗುತ್ತದೆ. ಗುಲಾಬಿ ಬೇಗ ನಿಂತಂತೆ ಕಂಡು ಹುಡುಗಿ ಮೊದಲೇ ನಲ್ಲಿ ಮುಚ್ಚುತ್ತಾಳೆ. ಮೊಹರ್ಸ್ ಸಾಲ್ಟಿಗೆ ಬಿಸಿ ಮಾಡಬಾರದು. ಗಂಧಕಾಮ್ಲ ಕಡಿಮೆಯಾದರೆ ಕಂದು ಗಸಿ ಬರುತ್ತದೆ. ಪಿಪೆಟ್ಟಿನ ತುದಿಯಲ್ಲಿ ಉಳಿದ ಕೊನೆಯ ಹನಿಯನ್ನು ಊದಿ ಹಾಕಿದರೂ ಲೆಕ್ಕ ಬದಲಾಗುತ್ತದೆ. ಸುಮಾರು ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್. ಅಂದರೆ ಪಾಯಿಂಟ್ ಎರಡರ ವ್ಯತ್ಯಾಸವೆಂದರೆ ನಾಲ್ಕು ಹನಿ. ನಾಲ್ಕು ಹನಿಗಾಗಿ ಮಕ್ಕಳು ಸುರಿಸುವ ಕಣ್ಣೀರನ್ನು ಬ್ಯೂರೆಟ್ಟಿಗೆ ತುಂಬಿಸಿದರೆ ಎಷ್ಟಾದೀತೋ!

"ಹಾಗಾದರೆ ಮುದ್ದೇಬಿಹಾಳದವಳದು ಇಪ್ಪತ್ತನಾಲ್ಕು ಹನಿ ತಪ್ಪಿತೇ?" ಎಂದು ಕೇಳಿದೆ.

ಮಗಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಅಮ್ಮಿ, ಅವರ ಕಾಲೇಜು ಬ್ಯಾರೆ. ಅಲ್ಲಿ ಸೊಲ್ಯೂಷನ್ ಮಾಡಿಟ್ಟವರು ಬ್ಯಾರೆ. ಅವರದು ಎಂಟು ಆರೇ ಬರೂದು ಇದ್ದೀತು."

ನಾನು ಬೆಪ್ಪಾದೆ. ದ್ರಾವಣವೇ ಬೇರೆ! ಒಂದು ಮನೆಯ ಸಾರಿನ ಉಪ್ಪನ್ನು ಇನ್ನೊಂದು ಮನೆಯ ಸಾರಿಗೆ ಹೋಲಿಸಿ ಅತ್ತ ಹಾಗಾಯಿತಲ್ಲ. ಸಾಲ್ಟಿನದೂ ಅದೇ ಕಥೆ. ಒಬ್ಬಳಿಗೆ ಕೊಟ್ಟದ್ದು ಜ್ವಾಲೆಯಲ್ಲಿ ಹಸಿರು ತೋರುವ ಬೇರಿಯಂ, ಇನ್ನೊಬ್ಬಳಿಗೆ ಇಟ್ಟಿಗೆಯ ಕೆಂಪು ತೋರುವ ಕ್ಯಾಲ್ಸಿಯಂ. "ನನಗೆ ಹಸಿರು ಬರಲೇ ಇಲ್ಲ" ಎಂದು ಅತ್ತರೆ ಬಂದೀತೇ?

"ಇದು ನಿನಗೆ ಗೊತ್ತಿದ್ದರೆ ಅವಳಿಗೆ ಯಾಕೆ ಹೇಳಲಿಲ್ಲ?" ಎಂದೆ. ಮಗಳು ತಲೆ ತಗ್ಗಿಸಿದಳು. ಆಮೇಲೆ ಬಂತು ನಿಜವಾದ ಮಾತು. ಅವಳಿಗೆ ಬಂದದ್ದು 9.8 ಅಲ್ಲ, 9.4. ಎರಡು ಸಲ ಮಾಡಿದಳು, ಎರಡು ಸಲವೂ 9.4. ಅಷ್ಟರಲ್ಲಿ ಪಕ್ಕದ ಹುಡುಗಿಯ ಹಾಳೆಯಲ್ಲಿ 9.8 ಕಂಡಿತು. ಹೊಡೆದುಹಾಕಿ 9.8 ಎಂದು ಬರೆದಳು. ಫೋನಿನಲ್ಲಿ ತಡೆದು ಹೇಳಿದ್ದು ಅದಕ್ಕೇ.

ಯಾವುದು ಸರಿ? ಇನ್ನು ಯಾರೂ ಹೇಳಲಾರರು. ದ್ರಾವಣ ಸಿಂಕಿನಲ್ಲಿ ಹರಿದುಹೋಯಿತು. ನಮ್ಮ ಮದ್ರಸಾದಲ್ಲೂ ನಹ್ವ್ ಪರೀಕ್ಷೆ ಮುಗಿದ ಮೇಲೆ, "ಜೇರ್ ಹಾಕಿದಿಯೋ, ಜಬರ್ ಹಾಕಿದಿಯೋ" ಎಂದು ಜಗಳವಾಡುತ್ತಿದ್ದೆವು. ಆದರೆ ಅಲ್ಲಿ ಕಿತಾಬು ತೆರೆದರೆ ತೀರ್ಮಾನವಾಗುತ್ತಿತ್ತು. ಈ ಮಕ್ಕಳಿಗೆ ತೆರೆದು ನೋಡಲು ಕಿತಾಬಿಲ್ಲ, ಗೆಳತಿಯ ಹಾಳೆಯೇ ಕಿತಾಬು. ಎರಡು ರೀಡಿಂಗ್ ಒಂದಕ್ಕೊಂದು ಕೂಡುವವರೆಗೆ ಪ್ರಯೋಗವನ್ನು ಮತ್ತೆ ಮಾಡು ಎನ್ನುವುದು ಇವರ ಶಾಸ್ತ್ರದ ನಿಯಮವಂತೆ. ಮಗಳ ಎರಡೂ ಕೂಡಿದ್ದವು. ಆದರೂ ಅವಳಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಬರಲಿಲ್ಲ.

ಹದೀಸ್ ಪಾಠದಲ್ಲಿ ನಮ್ಮ ಉಸ್ತಾದರು ರಾವಿಗಳ ಬಗ್ಗೆ ಕಲಿಸಿದ್ದು ನಾಲಿಗೆಯ ತುದಿಗೆ ಬಂತು. ಕೇಳಿದ್ದನ್ನು ಕೇಳಿದಂತೆ ಹೇಳುವವನ ಮಾತಷ್ಟೇ ಸ್ವೀಕಾರ. ಆದರೆ ಹೇಳಲಿಲ್ಲ. ಯಾಕೆಂದರೆ ಸಂಜೆ ಮಗಳು ಒಳಗೆ ಬಂದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಹೇಗಾಯಿತು" ಎಂಬುದಲ್ಲ, "ನಿನ್ನ ಪಕ್ಕದವಳಿಗೆ ಎಷ್ಟು ಬಂತು" ಎಂಬುದಾಗಿತ್ತು.

ಈ ತಾಳೆ ನೋಡುವ ಕೆಲಸ ಎಷ್ಟು ವ್ಯರ್ಥವೆಂಬುದಕ್ಕೆ 2016ನ್ನು ನೆನಪಿಸಿಕೊಳ್ಳಿ. ಆ ವರ್ಷ ಮಾರ್ಚ್ 21ರಂದು ರಾಜ್ಯದ ಮಕ್ಕಳೆಲ್ಲ ರಸಾಯನಶಾಸ್ತ್ರದ ಪರೀಕ್ಷೆ ಬರೆದು ಬಂದು ಉತ್ತರ ಹೋಲಿಸಿ ಕೆಲವರು ನಕ್ಕರು, ಕೆಲವರು ಅತ್ತರು. ಪ್ರಶ್ನೆಪತ್ರಿಕೆ ಸೋರಿದೆ ಎಂದು ಆ ಪರೀಕ್ಷೆಯೇ ರದ್ದಾಯಿತು. ಮಾರ್ಚ್ 31ಕ್ಕೆ ಇಟ್ಟ ಪತ್ರಿಕೆಯೂ ಸೋರಿತು. ಕೊನೆಗೆ ಬರೆದದ್ದು ಏಪ್ರಿಲ್ 12ರಂದು. ನಕ್ಕವರ ನಗುವೂ, ಅತ್ತವರ ಅಳುವೂ ನೀರಿನಲ್ಲಿ ಹೋಯಿತು.

ಇನ್ನು 2022. ಅದನ್ನು ಬರೆಯುವಾಗ ಕೈ ತಡೆಯುತ್ತದೆ. ಹಿಜಾಬ್ ವಿವಾದದಲ್ಲಿ ಫೆಬ್ರವರಿ 10ರಂದು ಹೈಕೋರ್ಟಿನ ಮಧ್ಯಂತರ ಆದೇಶ, ಮಾರ್ಚ್ 15ರಂದು ತೀರ್ಪು. ಪ್ರಾಯೋಗಿಕ ಪರೀಕ್ಷೆಗಳು ಬಂದದ್ದೂ ಅದೇ ದಿನಗಳಲ್ಲಿ. ಹಲವು ಹೆಣ್ಣುಮಕ್ಕಳು ಲ್ಯಾಬಿನೊಳಗೆ ಹೋಗಲಿಲ್ಲ. ತಪ್ಪಿಸಿಕೊಂಡವರಿಗೆ ಮರುಪರೀಕ್ಷೆ ಇಲ್ಲವೆಂದು ಆಗಿನ ಶಿಕ್ಷಣ ಸಚಿವರು ಹೇಳಿದರು. ಆ ಮಕ್ಕಳ ಮನೆಗಳಲ್ಲಿ ಆ ಸಂಜೆ "ನಿನಗೆಷ್ಟು ಬಂತು" ಎಂದು ಯಾರೂ ಕೇಳಿರಲಾರರು. ನಾಲ್ವರು ಹುಡುಗಿಯರು ಸ್ಪೀಕರ್ ಹಾಕಿಕೊಂಡು ಕೂಗಾಡುವುದನ್ನು ಕೇಳುವಾಗ ನನಗೆ ಒಮ್ಮೊಮ್ಮೆ ಆ ಮನೆಗಳ ಮೌನ ನೆನಪಾಗುತ್ತದೆ.

ಕಿಮಿಯಾ ನಮಗೆ ಪರಕೀಯ ವಿದ್ಯೆಯೇನಲ್ಲ. ಎಂಟನೇ ಶತಮಾನದ ಜಾಬಿರ್ ಬಿನ್ ಹಯ್ಯಾನರ ಹೆಸರು ನೀವು ಕೇಳಿರುತ್ತೀರಿ. ಅಬೂಬಕರ್ ರಾಝಿಯವರು ತಮ್ಮ ಗ್ರಂಥದಲ್ಲಿ ಪ್ರಯೋಗದ ಪಾತ್ರೆ, ಒಲೆ, ಸಲಕರಣೆಗಳನ್ನೆಲ್ಲ ವಿವರಿಸಿದ್ದಾರೆ. ಮಕ್ಕಳು ಬಾಯಿಪಾಠ ಮಾಡುವ "ಆಲ್ಕಲಿ" ಎಂಬ ಪದ ನಮ್ಮ ಅರಬಿಯ "ಅಲ್‌ಖಲಿ", ಗಿಡ ಸುಟ್ಟ ಬೂದಿ. ಇದನ್ನು ಮಗಳಿಗೆ ಹೇಳಿದಾಗ, "ಅಮ್ಮಿ, ಇದು ಸಿಲೆಬಸ್ಸಿನಾಗ ಇಲ್ಲ" ಎಂದಳು!

ರಾತ್ರಿ ಹತ್ತೂವರೆಗೆ ಅವಳೇ ಫೋನು ಹಿಡಿದು ಮಾಳಿಗೆಗೆ ಹೋದಳು, ಈ ಸಲ ಸ್ಪೀಕರ್ ಇಲ್ಲ. ಮೆಟ್ಟಿಲ ಮೇಲೆ ನಿಂತ ನನಗೆ ಕೇಳಿಸಿದ್ದು ಇಷ್ಟೇ: "ನಂದು ಒಂಬತ್ತು ನಾಲ್ಕು ಬಂದಿತ್ತು, ನಾ ಸುಳ್ಳು ಬರದೀನಿ. ನೀ ಬಂದದ್ದನ್ನ ಬರದೀಯಲ್ಲ, ಎದ್ದು ಊಟ ಮಾಡು." ಬಹಳ ಹೊತ್ತಿನ ಮೇಲೆ ತಂಗಿಯ ಮೆಸೇಜು ಬಂತು, ಹುಡುಗಿ ಎರಡು ರೊಟ್ಟಿ ತಿಂದಳು ಎಂದು. ಅವಳ ತಂದೆಯೊಂದಿಗೆ ನಾನು ಮಾತಾಡಬೇಕಿತ್ತು. ಮರುದಿನ ನನ್ನ ಮನೆಯವರನ್ನು ಕರೆದುಕೊಂಡು ಮುದ್ದೇಬಿಹಾಳದ ಬಸ್ಸು ಹತ್ತಿದೆ.

ಅಲ್ಲಿ ಆ ಹುಡುಗಿಯ ಬೆರಳುಗಳ ತುದಿ ಕಪ್ಪಾಗಿತ್ತು. ಕ್ಲೋರೈಡ್ ಪರೀಕ್ಷೆಗೆ ಹಾಕುವ ಸಿಲ್ವರ್ ನೈಟ್ರೇಟ್ ತಾಗಿದರೆ ಹಾಗಾಗುತ್ತದಂತೆ. ಅವಳ ದಾದಿ ಕೈ ಹಿಡಿದು ನೋಡಿ, "ಇದ್ಯಾವ ಮೆಹಂದಿ?" ಎಂದು ಕೇಳಿದರು. ಹುಡುಗಿ ನಕ್ಕಳು. ಅವಳ ತಂದೆ ಬಾಗಿಲಲ್ಲಿ ನಿಂತು ಆ ಕೈಯನ್ನೇ ನೋಡುತ್ತಿದ್ದರು. ನಂತರ ನನ್ನ ಕಡೆ ತಿರುಗಿ, "ಆಪಾ, ಮುಂದ ಯಾವ ಕೋರ್ಸ್ ಅದಾವ?" ಎಂದರು.