ಗಿಡ್ಡ ಬಾರ್ ಅಂದ್ರ ಕೀಳಲ್ರೀ

ನಮ್ಮ ವಿಜಯಪುರದಾಗ ಸೈಕಲ್ ಅಂದ್ರ ಹುಚ್ಚು. ನನ್ನ ಮಗಳಿಗೂ ಅದ ಹುಚ್ಚು. ರೋಡ್ ಬೈಕಿಗೆ ಏರೋಬಾರ್ ಹಾಕಸ್ತೀನಿ ಅಂತ ಹೋದಾಕಿಗೆ ಅಂಗಡಿಯಾಂವ ಉದ್ದನ್ನೂವು ಹಚ್ಚಿ ಕಳಿಸಿದ. "ರೇಸಿನವ್ರು ಇವನ್ನ ಹಾಕ್ತಾರ" ಅಂದನಂತ. ಹದಿನೈದು ದಿನದಾಗ ಅಕಿ ಕುತ್ತಿಗಿ ಹಿಡೀತು. ರಾತ್ರಿ ಎಣ್ಣಿ ತಿಕ್ಕಾಕಿ ನಾನು!

ಅಲ್ರೀ, ಟೈಮ್ ಟ್ರಯಲ್ ಸೈಕಲ್ಲಿಗೆ ಸೀಟು ಮುಂದ ಇರತೈತಿ, ಉದ್ದನ್ನೂವು ಹೊಂದತಾವ. ರೋಡ್ ಬೈಕಿನ ಸೀಟು ಹಿಂದ. ಅದಕ್ಕ ಉದ್ದನ್ನೂವು ಹಚ್ಚಿದ್ರ, ಅಟ್ಟದ ಮ್ಯಾಲಿನ ಡಬ್ಬಿಗೆ ಕೈ ಚಾಚಿದಂಗ ತಾಸುಗಟ್ಟಲೆ ಚಾಚಿರಬೇಕು. ಗಿಡ್ಡನ್ನೂವು ತಗೋರಿ. ಮೊಣಕೈಗೆ ಅಗಲ, ಮೆತ್ತನ್ನ ಪ್ಯಾಡ್ ಇರಲಿ, ಅವು ಹಿಂದ ಮುಂದ ಸರಿಸಾಕ ಬರಲಿ. ಹ್ಯಾಂಡಲ್ 31.8 ಮಿ.ಮೀ. ಇದ್ರ ಕ್ಲ್ಯಾಂಪೂ ಅಷ್ಟ ಇರಬೇಕು.

"ಗಿಡ್ಡದ್ರಾಗ ವೇಗ ಇಲ್ಲ" ಅಂತಾರ. ಗಾಳಿ ಸೀಳೂದು ಬಾರಿನ ಉದ್ದ ಅಲ್ಲ, ಬಗ್ಗಿದ ಮೈ. ಮೈ ನೋಯಾಕ ಹತ್ತಿದ್ರ ಎಷ್ಟೊತ್ತು ಬಗ್ಗತಾರ? 1989ರ ಟೂರ್ ದ ಫ್ರಾನ್ಸ್‌ದ ಕಡೀ ದಿನ ಗ್ರೆಗ್ ಲೆಮಾಂಡ್ ಏರೋಬಾರ್ ಹಿಡಿದು, ಒಟ್ಟು 8 ಸೆಕೆಂಡಿನಿಂದ ಗೆದ್ದ, ಖರೇ. ಆದ್ರ ಅದು ಬಂದ್ ಮಾಡಿದ ರಸ್ತೆ. ನಮ್ಮ ರಸ್ತೇದಾಗ ಎಮ್ಮಿ, ಕಬ್ಬಿನ ಟ್ರ್ಯಾಕ್ಟರ್. ಏರೋಬಾರ್ ಹಿಡಿದಾಗ ಬ್ರೇಕ್ ಕೈಯಾಗ ಇರೂದಿಲ್ಲ. ಗದ್ದಲದಾಗ ಗಿಡ್ಡನ್ನೂವೂ ಹಿಡೀಬ್ಯಾಡ್ರಿ.

ಮಾರಾವ್ರಿಗೆ ಒಂದ ಮಾತು: ಮೊದಲ ಹುಡುಗರನ್ನ ಸೈಕಲ್ ಮ್ಯಾಲ ಕುಂಡ್ರಿಸಿ ನೋಡ್ರಿ, ಆಮ್ಯಾಲ ಮಾರ್ರಿ. ಎಣ್ಣಿ ತಿಕ್ಕಾಕ ನೀವು ಬರೂದಿಲ್ಲ.