ಎರಡೇ ಯಾತ್ರೆಗಳ ನೌಕೆ

ಯು-೧೮೦ ಎಂಬ ಜರ್ಮನ್ ಜಲಾಂತರ್ಗಾಮಿಯು ಶೌರ್ಯಕ್ಕಾಗಲಿ ಸಾಧನೆಗಾಗಲಿ ಹೆಸರಾದುದಲ್ಲ. ಬ್ರೆಮೆನ್ ನಗರದಲ್ಲಿ ನಿರ್ಮಾಣಗೊಂಡು ೧೯೪೨ರ ಮೇ ೧೬ರಂದು ನೌಕಾಪಡೆಯನ್ನು ಸೇರಿದ ಈ ನೌಕೆಗೆ ಆರು ಶೀಘ್ರಗತಿಯ ಡೀಸೆಲ್ ಯಂತ್ರಗಳನ್ನು ಜೋಡಿಸಿದ್ದರು. ನೀರಿನ ಮೇಲೆ ಬಹು ವೇಗದಿಂದ ಓಡಬೇಕೆಂಬುದು ಅದರ ಉದ್ದೇಶ. ಆದರೆ ಆ ಯಂತ್ರಗಳು ಕಪ್ಪು ಹೊಗೆ ಕಾರುತ್ತಿದ್ದವು. ಒಳಗನ್ನು ಕುಲುಮೆಯಂತೆ ಕಾಯಿಸುತ್ತಿದ್ದವು. ಅಡಗಿ ನಡೆಯಬೇಕಾದ ನೌಕೆಗೆ ಹೊಗೆಯ ಬಾಲವೆಂದರೆ ಕಳ್ಳನ ಕಾಲಿಗೆ ಗೆಜ್ಜೆ ಕಟ್ಟಿದಂತೆಯೇ!

ಹೀಗಿದ್ದೂ ಭಾರತೀಯರು ಅದನ್ನು ಮರೆಯುವಂತಿಲ್ಲ. ೧೯೪೩ರ ಫೆಬ್ರವರಿ ೯ರಂದು ಅದು ಕೀಲ್ ಬಂದರನ್ನು ಬಿಟ್ಟಾಗ, ಕಪ್ತಾನ ವೆರ್ನರ್ ಮುಸೆನ್‌ಬರ್ಗ್‌ನ ಸಿಬ್ಬಂದಿಯೊಡನೆ ಇಬ್ಬರು ಭಾರತೀಯ ಪ್ರಯಾಣಿಕರಿದ್ದರು. ಒಬ್ಬರು ಸುಭಾಷ್ ಚಂದ್ರ ಬೋಸ್, ಇನ್ನೊಬ್ಬರು ಹೈದರಾಬಾದಿನ ಅಬಿದ್ ಹಸನ್. ಪತ್ನಿ ಎಮಿಲಿಯವರನ್ನೂ ಇನ್ನೂ ಮೂರು ತಿಂಗಳು ತುಂಬದ ಮಗಳನ್ನೂ ಯೂರೋಪಿನಲ್ಲಿಯೇ ಬಿಟ್ಟು ನೇತಾಜಿ ಹೊರಟಿದ್ದರು.

ಒಳಗೆ ಬೆಳಕಿಲ್ಲ, ಗಾಳಿಯಿಲ್ಲ. ಎಲ್ಲೆಲ್ಲೂ ಡೀಸೆಲ್ಲಿನ ವಾಸನೆ. ರೊಟ್ಟಿ, ಹೊದಿಕೆಗಳಿಗೂ ಅದೇ ನಾತ. ಜರ್ಮನರ ದಪ್ಪ ರೊಟ್ಟಿ, ಡಬ್ಬಿಯ ಮಾಂಸ ಬೋಸರಿಗೆ ಒಗ್ಗಲಿಲ್ಲ. ಉಗ್ರಾಣವನ್ನು ತಡಕಿದ ಹಸನರಿಗೆ ಅಕ್ಕಿಯೂ ಬೇಳೆಯೂ ದೊರೆತು, ಸಮುದ್ರದ ನಡುವೆ ಖಿಚಡಿ ಸಿದ್ಧವಾಯಿತು! ಬೋಸರು ಅದನ್ನು ಜರ್ಮನ್ ಅಧಿಕಾರಿಗಳಿಗೂ ಉಪಚರಿಸಿ ಬಡಿಸತೊಡಗಿದರಂತೆ. ದಾಸ್ತಾನು ಬರಿದಾದೀತೆಂದು ಹಸನರಿಗೆ ಚಿಂತೆ. ಉಳಿದ ಹೊತ್ತೆಲ್ಲ ಬೋಸರು ಹೇಳಿ ಬರೆಸುತ್ತಿದ್ದರು. ಒಮ್ಮೆ ಶತ್ರುನೌಕೆ ಡಿಕ್ಕಿ ಹೊಡೆಯುವಷ್ಟು ಸಮೀಪಿಸಿ, ನಾವಿಕರೆಲ್ಲ ಉಸಿರು ಬಿಗಿಹಿಡಿದಿದ್ದಾಗಲೂ ಬರಹ ನಿಲ್ಲಲಿಲ್ಲ. ಎರಡು ಬಾರಿ ಹೇಳಿದರೂ ಬರೆದುಕೊಳ್ಳಲಿಲ್ಲವೆಂದು ಹಸನರನ್ನೇ ಆಕ್ಷೇಪಿಸಿದರಂತೆ.

ಏಪ್ರಿಲ್ ೧೮ರಂದು ದಕ್ಷಿಣ ಆಫ್ರಿಕದ ಕಡಲಿನಲ್ಲಿ ಯು-೧೮೦ 'ಕಾರ್ಬಿಸ್' ಎಂಬ ಬ್ರಿಟಿಷ್ ತೈಲನೌಕೆಯನ್ನು ಮುಳುಗಿಸಿತು. ಐವತ್ತು ಮಂದಿ ಸತ್ತರು. ಹತ್ತು ಮಂದಿ ಮಾತ್ರ ಉಳಿದರು.

ಕೆಲವೇ ದಿನಗಳಲ್ಲಿ ಮಡಗಾಸ್ಕರಿನ ಬಳಿ ಜಪಾನಿನ ಐ-೨೯ ಎದುರಾಯಿತು. ಭಾರತೀಯರ ಪಾಲಿಗೆ ಇದೂ ವಿಚಿತ್ರ ನೌಕೆ. ೧೯೪೨ರ ನವೆಂಬರ್ ೨೩ರಂದು ಮುಂಬಯಿಯಿಂದ ಮೊಂಬಾಸಕ್ಕೆ ಹೊರಟಿದ್ದ 'ತಿಲಾವಾ' ಹಡಗನ್ನು ಮುಳುಗಿಸಿ, ಬಹುಮಂದಿ ಭಾರತೀಯರು ಸೇರಿದಂತೆ ೨೮೦ ಜೀವಗಳನ್ನು ಬಲಿ ತೆಗೆದುಕೊಂಡದ್ದು ಇದೇ ಐ-೨೯. ಇದೀಗ ಅದೇ ನೌಕೆ ಬೋಸರನ್ನು ಕರೆದೊಯ್ಯಲು ಬಂದಿತ್ತು!

ಕಡಲು ಕೆರಳಿದ್ದುದರಿಂದ ಕಾಯಬೇಕಾಯಿತು. ಏಪ್ರಿಲ್ ೨೮ರಂದು ಇಬ್ಬರೂ ರಬ್ಬರಿನ ತೆಪ್ಪದಲ್ಲಿ ತೊಯ್ದು ತೊಪ್ಪೆಯಾಗಿ ಅತ್ತ ದಾಟಿದರು. ತುಂಬಿದ ತುಂಗಭದ್ರೆಯನ್ನು ಹರಿಹರದಲ್ಲಿ ಹರಿಗೋಲಿನಿಂದ ದಾಟಿದವರು ಆ ಅಳುಕನ್ನು ಸ್ವಲ್ಪಮಟ್ಟಿಗೆ ಊಹಿಸಿಕೊಂಡಾರು. ಆದರೆ ಇಲ್ಲಿ ದಡವೆಂಬುದೇ ಇರಲಿಲ್ಲ. ಇತ್ತ ಬಂದುದು ಇಬ್ಬರು ಜಪಾನಿ ಅಧಿಕಾರಿಗಳು, ಜೊತೆಗೆ ಎರಡು ಟನ್ ಚಿನ್ನ.

ಹಿಂದಿರುಗುವಾಗ ಜೂನ್ ೩ರಂದು 'ಬೋರಿಸ್' ಎಂಬ ಗ್ರೀಕ್ ಹಡಗನ್ನು ಹೊಡೆದು, ಜುಲೈ ಮೊದಲಲ್ಲಿ ಯು-೧೮೦ ಬೋರ್ಡೋ ತಲುಪಿತು. ಆ ಕೆಟ್ಟ ಯಂತ್ರಗಳನ್ನು ತೆಗೆದು ಅದನ್ನು ಸರಕುನೌಕೆಯನ್ನಾಗಿಸಿದರು. ೧೯೪೪ರ ಆಗಸ್ಟ್ ೨೦ರಂದು, ಬೇರೊಬ್ಬ ಕಪ್ತಾನನ ಕೈಕೆಳಗೆ, ಜಪಾನಿಗೆಂದು ಹೊರಟ ನೌಕೆ ಬಿಸ್ಕೇ ಕೊಲ್ಲಿಯಲ್ಲಿ ಕಾಣೆಯಾಯಿತು. ಮುಳುಗುಸಿಡಿಗೆ ತಾಗಿರಬೇಕು. ೫೬ ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ.

ಅದಕ್ಕೆ ಒಂದು ತಿಂಗಳ ಹಿಂದೆ, ಜುಲೈ ೨೬ರಂದು, ಫಿಲಿಪೀನ್ಸಿನ ಬಳಿ ಐ-೨೯ ಅಮೆರಿಕದ ಜಲಾಂತರ್ಗಾಮಿಯೊಂದರ ಟಾರ್ಪೆಡೋಗಳಿಗೆ ಬಲಿಯಾಗಿತ್ತು. ಅದರಲ್ಲಿ ಬದುಕಿ ದಡ ಸೇರಿದವನು ಒಬ್ಬನೇ ನಾವಿಕ.