ಬರಿ ಚೀಲದ ಭಾರ

ಬಯಲುಸೀಮೆಯಲ್ಲಿ ಹಿಂದೆ ದೂರದ ಊರಿಗೆ ನಡೆದು ಹೋಗುವವರು ಹೆಗಲಿಗೆ ಹಸುಬೆ ಹಾಕಿಕೊಳ್ಳುತ್ತಿದ್ದರು. ಉದ್ದನೆಯ ಚೀಲ, ಬಾಯಿ ಮಾತ್ರ ನಡುವೆ. ಎರಡು ತುದಿಗೂ ಸಾಮಾನು ತುಂಬಿ ಹೆಗಲಿಗೇರಿಸಿದರೆ ಅರ್ಧ ಭಾರ ಎದೆಯ ಮೇಲೆ, ಅರ್ಧ ಭಾರ ಬೆನ್ನ ಮೇಲೆ. ಮೈ ಮುಂದಕ್ಕೂ ಬಾಗುವುದಿಲ್ಲ, ಹಿಂದಕ್ಕೂ ಜಗ್ಗುವುದಿಲ್ಲ. ಗುರುತ್ವಕೇಂದ್ರ ಎಂಬ ಮಾತು ಕೇಳದವರೂ ಅದರ ನಿಯಮವನ್ನು ಪಾಲಿಸಿದ್ದರು. ಚೀಲಕ್ಕೆ ತನ್ನದೇ ಆದ ತೂಕವಂತೂ ಇರಲಿಲ್ಲವೆನ್ನಬೇಕು.

ಈಗ ಚಳ್ಳಕೆರೆ, ಮೊಳಕಾಲ್ಮುರು ಕಡೆಯಿಂದಲೂ ಮಗಳ ಬಾಣಂತನಕ್ಕೆಂದು ತಾಯಂದಿರು ಅಮೆರಿಕದವರೆಗೆ ಹೋಗಿಬರುತ್ತಾರೆ. ಮೊಳಕಾಲ್ಮುರಿನಲ್ಲಿ ಬಸ್ಸು ಹತ್ತಿ ಚಳ್ಳಕೆರೆಗೆ ಬಂದು, ಹಿರಿಯೂರಿನಲ್ಲಿ ಹೆದ್ದಾರಿ ಸೇರಿ ಬೆಂಗಳೂರು. ಅಲ್ಲಿಂದ ದೇವನಹಳ್ಳಿಯ ವಿಮಾನ ನಿಲ್ದಾಣ. ಚಳ್ಳಕೆರೆಯಿಂದ ಬೆಂಗಳೂರಿಗೇ ಸುಮಾರು 200 ಕಿ.ಮೀ. ವಿಮಾನ ಏರುವ ಮೊದಲೇ ಪೆಟ್ಟಿಗೆಯನ್ನು ನಾಲ್ಕಾರು ಬಾರಿ ಎತ್ತಿ ಇಳಿಸಿ ಆಗಿರುತ್ತದೆ.

ಇಂಥ ಪ್ರಯಾಣಕ್ಕೆ ಚೀಲ ಕೊಳ್ಳುವಾಗ ಬಣ್ಣ, ಬೀಗ, ಒಳಗಿನ ಖಾನೆಗಳನ್ನು ನೋಡುವವರೇ ಹೆಚ್ಚು. ಬರಿದಾಗಿರುವಾಗ ಅದು ಎಷ್ಟು ತೂಗುತ್ತದೆಂದು ಕೇಳುವವರು ಕಡಿಮೆ. ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಅಮೆರಿಕಕ್ಕೆ ಹೋಗುವವರಿಗೆ ಹಲವು ಕಂಪನಿಗಳು ತಲಾ 23 ಕಿಲೋದ ಪೆಟ್ಟಿಗೆಗೆ ಅವಕಾಶ ಕೊಡುತ್ತವೆ. ಪೆಟ್ಟಿಗೆಯೇ 5 ಕಿಲೋ ತೂಗಿದರೆ ಸಾಮಾನಿಗೆ ಉಳಿಯುವುದು 18 ಕಿಲೋ. 3 ಕಿಲೋದ್ದಾದರೆ 20. ಆ ಎರಡು ಕಿಲೋ ಎಂದರೆ ಎರಡು ಕಿಲೋ ಶೇಂಗಾ ಚಟ್ನಿಪುಡಿ, ಇಲ್ಲವೇ ಬಾಣಂತಿಯ ಅಂಟಿನ ಉಂಡೆ! ಕೈಚೀಲಕ್ಕಂತೂ ಅನೇಕ ಕಂಪನಿಗಳಲ್ಲಿ 7 ಕಿಲೋದ ಮಿತಿ. ಗಾಲಿ, ಹಿಡಿಕೆ ಸೇರಿ 3 ಕಿಲೋ ಆಗುವ ಪೆಟ್ಟಿಗೆ ಅದರಲ್ಲಿ ಅರ್ಧದ ಹತ್ತಿರ ನುಂಗುತ್ತದೆ. ಬೆನ್ನಿಗೆ ಹಾಕುವ ಸಾದಾ ಬಟ್ಟೆಯ ಚೀಲ ಒಂದು ಕಿಲೋದೊಳಗೇ ಸಿಗುತ್ತದೆ. ಟಿಕೆಟ್ಟಿನಲ್ಲಿ ಬರೆದಿರುವ ಮಿತಿಯನ್ನು ನೋಡಿಕೊಂಡೇ ಅಂಗಡಿಗೆ ಹೋಗುವುದು ಲೇಸು.

ಹಗುರವಾದದ್ದು ಬೇಗ ಹರಿಯುವುದಿಲ್ಲವೇ ಎಂಬ ಶಂಕೆ ಸಹಜ. ಇದಕ್ಕೆ ಉತ್ತರ ಮೊಳಕಾಲ್ಮುರಿನ ನೇಕಾರರ ಮನೆಯಲ್ಲೇ ಇದೆ. ಅವರು ನೂಲನ್ನು ಡೆನಿಯರ್ ಲೆಕ್ಕದಲ್ಲಿ ಗುರುತಿಸುತ್ತಾರೆ. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. 20/22 ರೇಷ್ಮೆ ಎಂದರೆ ಒಂಬತ್ತು ಕಿಲೋಮೀಟರ್ ಉದ್ದದ ಎಳೆ ಕೇವಲ 20ರಿಂದ 22 ಗ್ರಾಂ. ರೇಷ್ಮೆಗಾಗಿ ಹುಟ್ಟಿದ ಈ ಅಳತೆಯೇ ಇಂದು ನೈಲಾನ್ ಚೀಲದ ಚೀಟಿಯ ಮೇಲೂ ಇರುತ್ತದೆ. 1000 ಡೆನಿಯರಿನ ಬಟ್ಟೆ ಗಟ್ಟಿ, ಆದರೆ ಭಾರ. 210ರಿಂದ 420 ಡೆನಿಯರಿನ ಒತ್ತಾದ ನೇಯ್ಗೆ ಬಟ್ಟೆಬರೆ ಹೊರಲು ಸಾಕು. 1935ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ತಯಾರಾದ ನೈಲಾನ್ ರೇಷ್ಮೆಯ ಜಾಗಕ್ಕೆ ಬಂದದ್ದೇ ಹಗುರವೂ ಗಟ್ಟಿಯೂ ಆದ ಕಾರಣಕ್ಕೆ. ನಿಜಕ್ಕೂ ಚೀಲ ಕೈಕೊಡುವುದು ಸಾಮಾನ್ಯವಾಗಿ ಬಟ್ಟೆಯಲ್ಲಲ್ಲ. ಜಿಪ್ಪಿನಲ್ಲಿ ಮತ್ತು ಪಟ್ಟಿ ಕೂಡುವ ಹೊಲಿಗೆಯಲ್ಲಿ. ಅಂಗಡಿಯಲ್ಲೇ ಜಿಪ್ಪನ್ನು ಹತ್ತು ಸಲ ಎಳೆದು ನೋಡಿ, ಪಟ್ಟಿಯನ್ನು ಜಗ್ಗಿ ನೋಡಿ.

ಗಾಲಿಯ ವಿಚಾರ ಬೇರೆ. ಪೆಟ್ಟಿಗೆಗೆ ಗಾಲಿ ಜೋಡಿಸಿದ್ದಕ್ಕೆ ಬರ್ನಾರ್ಡ್ ಸ್ಯಾಡೊ ಎಂಬುವರು ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1972ರಲ್ಲಿ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು ಅದಕ್ಕಿಂತ ಮೊದಲು! ನಿಲ್ದಾಣದ ನುಣುಪು ನೆಲದಲ್ಲಿ ನಾಲ್ಕು ಪುಟ್ಟ ಗಾಲಿಗಳ ಪೆಟ್ಟಿಗೆ ಬೆರಳಲ್ಲಿ ತಳ್ಳಿದರೂ ಹೋಗುತ್ತದೆ. ಬಸ್ ನಿಲ್ದಾಣದ ಜಲ್ಲಿಯ ಮೇಲೆ ಅದೇ ಗಾಲಿ ಸಿಕ್ಕಿಹಾಕಿಕೊಳ್ಳುತ್ತದೆ. ಗಾಲಿ ದೊಡ್ಡದಾದಷ್ಟೂ ಕಲ್ಲನ್ನು ದಾಟುವುದು ಸುಲಭ. ಎತ್ತಿನ ಗಾಡಿಯ ಗಾಲಿ ಅಷ್ಟೆತ್ತರ ಇರುವುದೂ ಇದಕ್ಕೇ. ನಮ್ಮ ರಸ್ತೆಗಳಿಗೆ ಎರಡು ದೊಡ್ಡ ಗಾಲಿಗಳ ಪೆಟ್ಟಿಗೆಯೇ ವಾಸಿ.

ಕೈಯಲ್ಲಿ ಉಳಿಯುವ ಚೀಲ ಮಾತ್ರ ಎರಡು ಹೆಗಲಿನದಾಗಿರಲಿ. ಒಂದೇ ಕೈಯಲ್ಲಿ ಹತ್ತು ಕಿಲೋ ಹಿಡಿದರೆ ದೇಹ ಆ ಕಡೆ ವಾಲದಂತೆ ಎದುರು ಬದಿಯ ಸ್ನಾಯುಗಳು ಜಗ್ಗಬೇಕು. ಭಾರ ಬೆನ್ನುಮೂಳೆಯಿಂದ ದೂರ, ಸ್ನಾಯು ಹತ್ತಿರ. ಆದುದರಿಂದ ಸನ್ನೆಯ ನಿಯಮದಂತೆ ಸ್ನಾಯು ಹಾಕಬೇಕಾದ ಬಲ ಹಲವು ಪಟ್ಟು. ಪಟ್ಟಿ ಅಗಲವಾಗಿರುವುದೂ ಮುಖ್ಯ. 2 ಸೆಂ.ಮೀ. ಪಟ್ಟಿಯ ಬದಲು 6 ಸೆಂ.ಮೀ. ಪಟ್ಟಿಯಿದ್ದರೆ ಅದೇ ಭಾರದ ಒತ್ತಡ ಹೆಗಲಿನ ಮೇಲೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಭಾರವಾದ ವಸ್ತುಗಳು ಬೆನ್ನಿಗೆ ಅಂಟಿದಂತೆ ಇರಲಿ. ಪಾಸ್‌ಪೋರ್ಟು, ಔಷಧಿ, ಮೊಬೈಲಿನ ಪವರ್ ಬ್ಯಾಂಕು ಈ ಚೀಲದಲ್ಲೇ ಇರಬೇಕು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತುವ ಅಪಾಯವಿರುವುದರಿಂದ ಪವರ್ ಬ್ಯಾಂಕನ್ನು ಸರಕಿನ ಪೆಟ್ಟಿಗೆಯಲ್ಲಿ ಇಡಲು ಬಿಡುವುದಿಲ್ಲ. ಚಟ್ನಿಪುಡಿ, ಖಾರದಪುಡಿಗಳು ದೊಡ್ಡ ಪೆಟ್ಟಿಗೆಗೆ ಹೋಗಲಿ.

ಹೊರಡುವ ವಾರ ಮೊದಲೇ ಚೀಲ, ಪೆಟ್ಟಿಗೆ ಎರಡನ್ನೂ ಪೂರ್ತಿ ತುಂಬಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಅನಂತರ ಹೋಗುವವರೇ, ಯಾರ ನೆರವೂ ಇಲ್ಲದೆ, ಚೀಲ ಹೊತ್ತು ಮಾಳಿಗೆಯ ಮೆಟ್ಟಿಲು ಹತ್ತಿ ಇಳಿಯಲಿ. ಏದುಸಿರು ಬಂದರೆ ಕಡಿಮೆ ಮಾಡಬೇಕಾದ್ದು ಸಾಮಾನನ್ನು. ಬಿಟ್ಟುಹೋದ ಸೀರೆ, ಪಾತ್ರೆಗಳಿಲ್ಲದೆಯೂ ಬಾಣಂತನ ನಡೆಯುತ್ತದೆ. ಆದರೆ ವಿಮಾನ ಇಳಿಯುವಷ್ಟರಲ್ಲಿ ಭುಜ ಉಳುಕಿಸಿಕೊಂಡ ಅಜ್ಜಿಗೆ ಮೊಮ್ಮಗುವನ್ನು ಎತ್ತಿಕೊಂಡು ಎಣ್ಣೆನೀರು ಹಾಕುವುದು ಆಗುವುದಿಲ್ಲ. ಅಷ್ಟು ದೂರ ಹೋಗುವುದು ಅದಕ್ಕಾಗಿಯೇ ಅಲ್ಲವೇ?